ಆಯಾಮ ಕಲ್ಪನೆಯ ಮಾತಲ್ಲ, ಅಳತೆಯ ಮಾತು

'ನಾಲ್ಕನೇ ಆಯಾಮ' ಅಂದ ಕೂಡಲೇ ನಮ್ಮಲ್ಲಿ ಮಾತು ಆತ್ಮ, ಪರಲೋಕ, ಸಮಾಧಿ ಸ್ಥಿತಿ ಅಂತ ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ವಾಟ್ಸಾಪ್‌ನಲ್ಲಿ ಬರುವ ಇಂಥ ವಿಡಿಯೋಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಭೌತಶಾಸ್ತ್ರದಲ್ಲಿ ಆಯಾಮವನ್ನು ಕಣ್ಮುಚ್ಚಿ ಕಲ್ಪಿಸಿಕೊಳ್ಳಬೇಕಾಗಿಲ್ಲ, ಅಳೆದು ನೋಡಬಹುದು.

ನಮ್ಮ ಜಗತ್ತಿಗೆ ಮೂರೇ ಆಯಾಮ ಅಂತ ಗೊತ್ತಾಗುವುದು ಹೇಗೆ? ಉದ್ದ, ಅಗಲ, ಎತ್ತರ ಕಣ್ಣಿಗೆ ಕಾಣುತ್ತವಲ್ಲ ಅಂದರೆ ಸಾಲದು. ಅದನ್ನು ಹೇಳುವುದು ಗುರುತ್ವ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಅದು ಹರಡಿಕೊಳ್ಳುವ ಗೋಳದ ಮೇಲ್ಮೈ ನಾಲ್ಕು ಪಟ್ಟು ಹಿಗ್ಗಿರುತ್ತದೆ. ಇನ್ನೊಂದು ದಿಕ್ಕು ಇದ್ದಿದ್ದರೆ ಎಂಟರಲ್ಲೊಂದು ಪಾಲಾಗುತ್ತಿತ್ತು. ಹಾಗಾದರೆ ಗ್ರಹಗಳ ಕಕ್ಷೆಯೇ ಉಳಿಯುವುದಿಲ್ಲ ಎಂದು 1917ರಲ್ಲಿ ಭೌತವಿಜ್ಞಾನಿ ಪಾಲ್ ಎರೆನ್‌ಫೆಸ್ಟ್ ತೋರಿಸಿದರು. ಕೊಂಚ ಅಲುಗಿದರೂ ಭೂಮಿ ಸೂರ್ಯನಿಗೆ ಬೀಳಬೇಕು, ಇಲ್ಲವೇ ದೂರ ಹೊರಟುಹೋಗಬೇಕು. ಸುರುಳಿ ಸುತ್ತಿಕೊಂಡ ಪುಟ್ಟ ಆಯಾಮವೇನಾದರೂ ಅಡಗಿದೆಯೇ ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಿರುಚು ತಕ್ಕಡಿಯಲ್ಲಿ (ಎಳೆಗೆ ತೂಗುಹಾಕಿದ ವಸ್ತು ಎಷ್ಟು ತಿರುಚಿಕೊಂಡಿತು ಎಂಬುದರಿಂದ ಸಣ್ಣ ಸೆಳೆತವನ್ನು ಅಳೆಯುವ ಉಪಕರಣ) ಹುಡುಕಿದ್ದಾರೆ. ಅಂಥದ್ದು ಇದ್ದರೆ ತೀರ ಹತ್ತಿರದಲ್ಲಿ ಸೆಳೆತದ ನಿಯಮ ಬದಲಾಗಬೇಕು. ಆದರೆ ಸುಮಾರು 52 ಮೈಕ್ರೊಮೀಟರ್‌ನಷ್ಟು ಹತ್ತಿರದವರೆಗೂ ನಾಲ್ಕರಲ್ಲೊಂದು ಪಾಲಿನ ಅದೇ ನಿಯಮ ನಡೆಯುತ್ತದೆ ಎಂದು 2020ರಲ್ಲಿ ವರದಿ ಮಾಡಿದರು. ಅಂದರೆ ಕೂದಲೆಳೆಗಿಂತಲೂ ಕಡಿಮೆ ದೂರ!

ಇನ್ನು ಕಾಲ. 1908ರಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ದೇಶ (ಅಂದರೆ ಜಾಗ, ಸ್ಪೇಸ್), ಕಾಲಗಳನ್ನು ಒಂದಾಗಿಸಿದ್ದು ನಿಜ. ಆದರೆ 'ಕಾಲವೂ ಇನ್ನೊಂದು ಆಯಾಮ' ಎಂದಷ್ಟೇ ಹೇಳಿ ನಿಲ್ಲಿಸುವುದು ಅರ್ಧ ಪಾಠ. ಅವರ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರಗಳ ವರ್ಗಗಳು ಕೂಡುತ್ತವೆ, ಕಾಲದ ವರ್ಗ ಕಳೆಯುತ್ತದೆ. ಎಡಕ್ಕೂ ಬಲಕ್ಕೂ ತಿರುಗುವ ಹಾಗೆ ನಿನ್ನೆಯ ಕಡೆಗೆ ತಿರುಗಲು ಬಾರದಿರುವುದು ಆ ಒಂದು ಕಳೆಯುವ ಚಿಹ್ನೆಯಿಂದ.

ನನ್ನನ್ನು ಬಹಳ ಕಾಡುವುದು ಕಪ್ಪುಕುಳಿಯ (ಬೆಳಕೂ ಹೊರಬರಲಾರದಷ್ಟು ಗುರುತ್ವವಿರುವ ಬ್ಲ್ಯಾಕ್ ಹೋಲ್) ಲೆಕ್ಕ. ಅದರೊಳಗೆ ಎಷ್ಟು ಮಾಹಿತಿ ಹಿಡಿಸೀತು ಎಂದು 1970ರ ದಶಕದಲ್ಲಿ ಭೌತವಿಜ್ಞಾನಿಗಳಾದ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಲೆಕ್ಕ ಹಾಕಿದಾಗ ಬಂದ ಉತ್ತರ ಘನಫಲವನ್ನಲ್ಲ, ಮೇಲ್ಮೈ ವಿಸ್ತೀರ್ಣವನ್ನು ಹಿಡಿದು ಬೆಳೆಯುತ್ತಿತ್ತು. ಗೋದಾಮಿನಲ್ಲಿ ಎಷ್ಟು ಮೂಟೆ ಹಿಡಿಸುತ್ತದೆ ಎನ್ನುವುದನ್ನು ಒಳಗಿನ ಜಾಗ ಬಿಟ್ಟು ಗೋಡೆಯ ಅಳತೆ ತೀರ್ಮಾನಿಸಿದ ಹಾಗೆ. 1997ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಹ್ವಾನ್ ಮಾಲ್ಡಸೇನಾ ಇನ್ನೂ ಮುಂದೆ ಹೋದರು: ಗುರುತ್ವವಿರುವ ಒಂದು ಜಗತ್ತು ಮತ್ತು ಅದರ ಅಂಚಿನಲ್ಲಿ ಒಂದು ಆಯಾಮ ಕಡಿಮೆಯಿರುವ, ಗುರುತ್ವವೇ ಇಲ್ಲದ ಇನ್ನೊಂದು ಜಗತ್ತು, ಎರಡರ ಭೌತಶಾಸ್ತ್ರವೂ ಒಂದೇ ಎಂದರು. ಹಾಗಿದ್ದರೆ ಆಯಾಮಗಳು ನಿಜವಾಗಿ ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಮಾತು. ಆಯಾಮ ಬುನಾದಿಯಲ್ಲ, ಇನ್ನೂ ಆಳದ ಯಾವುದರಿಂದಲೋ ಹುಟ್ಟಿಬರುವಂಥದ್ದು ಎಂದು ನಾನು ನಂಬುವುದು ಇದರಿಂದ.

ಮಾಲ್ಡಸೇನಾ ಲೆಕ್ಕ ಹಾಕಿದ್ದು ನಮ್ಮ ಹಿಗ್ಗುತ್ತಿರುವ ವಿಶ್ವದ ಬಗ್ಗೆ ಅಲ್ಲ ಎಂಬ ಆಕ್ಷೇಪವಿದೆ, ಅದು ಸರಿಯಾದದ್ದೇ. ಆ ಅಂತರವನ್ನು ದಾಟುವ ಪ್ರಯತ್ನ ನಮ್ಮ ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಕೇಂದ್ರ ಐಸಿಟಿಎಸ್‌ನಲ್ಲೂ ನಡೆದಿದೆ. ಗುರುತ್ವವಿದ್ದಲ್ಲಿ ಒಳಗಿನ ಮಾಹಿತಿಯೆಲ್ಲ ಅಂಚಿನಲ್ಲೂ ಸಿಗುತ್ತದೆ ಎಂದು ಅಲ್ಲಿನ ಸುವ್ರತ್ ರಾಜು ಮತ್ತು ಸಂಗಡಿಗರು ಬೇರೆ ಬಗೆಯ ದೇಶ-ಕಾಲಗಳಿಗೂ ವಾದಿಸಿದ್ದಾರೆ. ಬೆಂಗಳೂರಿನಲ್ಲೇ ನಡೆಯುತ್ತಿರುವ ಈ ಕೆಲಸದ ಬಗ್ಗೆ ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಹೇಳಬಲ್ಲ ಮೇಷ್ಟ್ರುಗಳು ಇದನ್ನು ಓದುವವರಲ್ಲಿ ಇದ್ದರೆ, ದಯವಿಟ್ಟು ಬರೆಯಿರಿ.