ಅವ್ವ ಬಂದು ಹೋದ ಮೂರು ದಿನ

ಚಳ್ಳಕೆರೆ ಕಡೆಯ ನಮ್ಮೂರಿಂದ ಅವ್ವ ಬಂದಿದ್ದಳು. ಮೂರೇ ದಿನ. ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದಕ್ಕೆ ನಾಲ್ಕನೇ ದಿನಕ್ಕೆ ಒಪ್ಪಲೇ ಇಲ್ಲ. ಹೋಗಿ ಒಂದು ವಾರವಾಯ್ತು, ನನ್ನ ತಲೆಯಲ್ಲಿ ಮಾತ್ರ ಇನ್ನೂ ಅದೇ ಓಡ್ತಿದೆ.

ಮೊದಲು ಹೋದ ವರ್ಷದ್ದು ಹೇಳ್ಬೇಕು. ಆಗ ಮಕ್ಕಳಿಗೂ ಖುಷಿಯಾಗಲಿ, ಅವ್ವನೂ ಒಂದು ಸಲ ನೋಡಲಿ ಅಂತ ಮಾಲ್‌ಗೆ ಕರ್ಕೊಂಡು ಹೋಗಿದ್ವಿ. ಎಸ್ಕಲೇಟರ್ ಮುಂದೆ ಸೀರೆ ನೆರಿಗೆ ಹಿಡಿದು ನಿಂತೇಬಿಟ್ಟಳು. ‘ಅಜ್ಜಿಗೆ ಇದೂ ಬರಲ್ಲ’ ಅಂದ ಮಗ. ನಾವೆಲ್ಲ ನಕ್ಕೆವು. ಆಮೇಲೆ ಚೀಲ ತೊಡೆ ಮೇಲಿಟ್ಕೊಂಡು ಬೆಂಚಿನಲ್ಲಿ ಕೂತವಳು ಎರಡು ಗಂಟೆ ಹೊತ್ತು ಎದ್ದಿಲ್ಲ. ಆ ನಗು ನೆನೆಸಿಕೊಂಡ್ರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಈ ಸಲ ಅವಳೇ ದಿನ ಗೊತ್ತು ಮಾಡಿಕೊಂಡು ಬಂದಳು. ಮುಂಚೆಲ್ಲ ಅಣ್ಣನಿಗೆ ಬಿಡುವಾಗಬೇಕಿತ್ತು, ಬಸ್ ಚಾರ್ಜಿಗೆ ಕೈ ಚಾಚಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಕೊಂಡು ಕೆಂಪು ಬಸ್ ಹತ್ತಿ, ಹಿರಿಯೂರು, ಸಿರಾ, ತುಮಕೂರು ದಾಟಿ ಒಬ್ಬಳೇ ಮೆಜೆಸ್ಟಿಕ್‌ನಲ್ಲಿ ಇಳೀತಾಳೆ. ಬಿಟ್ಟಿ ಬಸ್ ಅಂತ ಹಗುರವಾಗಿ ಮಾತಾಡೋರಿಗೆ ನಾನು ಹೇಳೋದು ಇಷ್ಟೇ: ಮಗಳ ಮನೆಗೆ ಹೋಗೋಕೆ ಯಾರ ಅಪ್ಪಣೆಯನ್ನೂ ಕೇಳದೆ ಅವಳು ಹೊರಟಿದ್ದು ಅರವತ್ತು ದಾಟಿದ ಮೇಲೆ, ಆ ಟಿಕೆಟ್ಟಿನಿಂದ.

ಬಂದಿದ್ದು ಕಾರ್ತಿಕದ ಕೊನೆ ಸೋಮವಾರದ ಹಿಂದಿನ ದಿನ. ಮಾರನೇ ದಿನ ಬಸವನಗುಡಿಯ ಕಡಲೆಕಾಯಿ ಪರಿಷೆ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಜೀವಮಾನವಿಡೀ ಶೇಂಗಾ ಬೆಳೆದವಳನ್ನು ಅಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ನಡೆದ್ವಿ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿ ರಾಶಿ ಕಾಯಿ. ಅಲ್ಲಿಯವರೆಗೆ ನನ್ನ ಕೈ ಹಿಡಿದಿದ್ದ ಅವ್ವ ಕೈ ಬಿಟ್ಟಳು. ಒಂದು ರಾಶಿ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿದಳು. ಮಗನ ಕಿವಿ ಹತ್ರಾನೂ. ‘ಗಲಗಲ ಅಂತು ನೋಡು, ಒಣಗಿದೆ.’ ಹೆಬ್ಬೆರಳಲ್ಲಿ ಒತ್ತಿ ಬಿಡಿಸಿ, ಬೀಜ ಅವನ ಬಾಯಿಗೆ ಹಾಕಿ, ಸಿಪ್ಪೆಯ ಒಳಭಾಗ ತೋರಿಸಿದಳು. ‘ಕಪ್ಪಗಾಗಿದ್ರೆ ಬಲಿತದ್ದು. ಬೆಳ್ಳಗಿದ್ರೆ ಎಳಸು, ದುಡ್ಡು ಕೊಡ್ಬೇಡ.’

ಮಾರುತ್ತಿದ್ದ ಹೆಂಗಸು ಮುಖ ನೋಡಿ ನಕ್ಕಳು. ‘ನಿಮ್ದು ಯಾವೂರಮ್ಮ?’ ಅಷ್ಟೇ ಸಾಕಾಯ್ತು. ಮಳೆ ಯಾವಾಗ ಕೈಕೊಡ್ತು, ಕೀಳೋ ಆಳಿಗೆ ಕೂಲಿ ಎಷ್ಟು, ಮೂಟೆ ಎಷ್ಟಕ್ಕೆ ಹೋಯ್ತು, ಅರ್ಧ ಗಂಟೆ ಮಾತು. ಎರಡು ಸೇರು ತಗೊಂಡಿದ್ದಕ್ಕೆ ಮಕ್ಕಳ ಎರಡೂ ಕೈತುಂಬಾ ಕೊಸರು.

ನಾಲ್ಕು ವರ್ಷದ ಮಗಳು ಕಡಲೆಕಾಯಿ ಮರದಲ್ಲಿ ಬಿಡುತ್ತೆ ಅಂದ್ಕೊಂಡಿದ್ದಳು. ಹಳದಿ ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥದ್ದು ಇಳಿದು ಮಣ್ಣು ಹೊಕ್ಕು, ಕತ್ತಲಲ್ಲಿ ಕಾಯಾಗುತ್ತೆ ಅಂತ ಅವ್ವ ತೋರುಬೆರಳನ್ನು ಅವಳ ಅಂಗೈಗೆ ಒತ್ತಿ ಹೇಳಿದಳು. ನನಗೂ ಅದು ಮರೆತೇ ಹೋಗಿತ್ತು.

ದೊಡ್ಡ ಬಸವಣ್ಣನ ಮುಂದೆ ಕತೆ ಶುರುವಾಯ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಹೊಲಗಳಿಗೆ ನುಗ್ಗಿ ಕಡಲೆಕಾಯಿ ಮೇಯ್ತಿದ್ದ ಬಸವನನ್ನು ರೈತರು ಹೊಡೆದದ್ದು, ಅದು ಕಲ್ಲಾದದ್ದು, ಅವರು ತಪ್ಪುಕಾಣಿಕೆಯಾಗಿ ಮೊದಲ ಬೆಳೆ ಒಪ್ಪಿಸೋಕೆ ಶುರು ಮಾಡಿದ್ದು. ‘ಪಾಪ, ಯಾಕೆ ಹೊಡೆದ್ರು?’ ಅಂದ ಮಗ. ನಾನಾಗಿದ್ರೆ ಏನೋ ನೀತಿ ಹೇಳ್ತಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಾನೂ ಹೊಡೆದಿದೀನಿ ಕಣಪ್ಪ. ಬೆಳೆ ಹೋದ್ರೆ ನಿಮ್ಮಮ್ಮನಿಗೆ ಊಟ ಇರ್ತಿರ್ಲಿಲ್ಲ. ಹೊಡೆದ ರಾತ್ರಿ ನಿದ್ದೇನೂ ಬರ್ತಿರ್ಲಿಲ್ಲ.’ ಮಗ ಏನೂ ಕೇಳಲಿಲ್ಲ. ಅವಳ ಸೆರಗು ಹಿಡಿದುಕೊಂಡೇ ಹೊರಗೆ ಬಂದ.

ನನಗೆ ಅನ್ನಿಸೋದು ಇದು. ಊರಿಂದ ಬಂದ ತಂದೆತಾಯಿಗೆ ನಾವು ಸಿಟಿ ತೋರಿಸ್ತೀವಿ. ಲಿಫ್ಟು, ರಿಮೋಟು, ಆ್ಯಪು, ಎಲ್ಲದಕ್ಕೂ ಅವರು ನಮ್ಮನ್ನೇ ಕೇಳೋ ಹಾಗಾಗುತ್ತೆ. ಮಕ್ಕಳು ಇದನ್ನೆಲ್ಲ ನೋಡ್ತಿರ್ತಾರೆ. ಅಜ್ಜಿ ಅಂದ್ರೆ ಏನೂ ಗೊತ್ತಿಲ್ಲದವಳು ಅಂತ ಅವರಿಗೆ ಕಲಿಸ್ತಿರೋದು ನಾವೇ. ಇಲ್ಲವಾದ್ರೆ ಬಾಣಂತನಕ್ಕೆ, ಕೆಲಸದವಳು ಬಿಟ್ಟಾಗ, ಸ್ಕೂಲಿಗೆ ರಜೆ ಬಂದಾಗ ಕರೆಸ್ಕೋತೀವಿ. ನಾನೂ ಹಾಗೇ ಮಾಡಿದ್ದು. ಸುಮ್ಮನೆ ಬಾ ಅವ್ವ, ನಿನಗೆ ಗೊತ್ತಿರೋದನ್ನ ಮಕ್ಕಳಿಗೆ ತೋರಿಸು ಬಾ ಅಂತ ಒಂದು ಸಲವೂ ಕರೆದಿರಲಿಲ್ಲ. ಎಲ್ಲರಿಗೂ ಪರಿಷೆ ಸಿಗಲ್ಲ, ನಿಜ. ಬೆಳಿಗ್ಗೆ ಸೊಪ್ಪಿನ ಗಾಡಿ ಹತ್ರ ಅವರನ್ನು ಮುಂದೆ ಬಿಟ್ಟು, ಮಕ್ಕಳ ಜೊತೆ ನಾವು ಹಿಂದೆ ನಿಲ್ಲಬಹುದಲ್ಲ.

ಮಂಗಳವಾರ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿಸಿ ಬಂದ್ವಿ. ಮಗಳು ಅತ್ತಳು, ಮಗ ಅಳಲಿಲ್ಲ.

ನಿನ್ನೆ ಸಂಜೆ ನಮ್ಮ ರಸ್ತೆ ತಿರುವಿನಲ್ಲಿ ತಳ್ಳುಗಾಡಿಯಲ್ಲಿ ಕಡಲೆಕಾಯಿ ಕೊಳ್ಳೋಕೆ ನಿಂತಿದ್ದೆ. ನಾನು ದುಡ್ಡು ತೆಗೆಯೋ ಮೊದಲೇ ಮಗ ಒಂದು ಕಾಯಿ ಬಿಡಿಸಿ, ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದ.

‘ಬೇಡಮ್ಮ. ಎಳಸು.’