ರಕ್ತ ಒಂದೇ ಇರಲಿ, ಗುಂಪು ಬೇರೆ ಇರಲಿ

ಶಿರಸಿ ಸೀಮೆಯಲ್ಲಿ ತೋಟದ ಮನೆಯ ಮಾಣಿಗೆ ಹೆಣ್ಣು ಹುಡುಕುವುದೆಂದರೆ ಕೊಳೆರೋಗ ಬಿದ್ದ ತೋಟಕ್ಕೆ ಮೂರನೇ ಸಲ ಬೋರ್ಡೋ ಮದ್ದು ಹೊಡೆದ ಹಾಗೆ. ಹೊಡೆಯದೇ ಬಿಡುವಂತಿಲ್ಲ, ಹೊಡೆದರೂ ಮಳೆ ತೊಳೆಯುವುದಿಲ್ಲ ಎಂಬ ಭರವಸೆಯಿಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಮೂವತ್ತೆಂಟು. ಎರಡೂವರೆ ಎಕರೆ ಅಡಿಕೆ, ಟೈಲ್ಸ್ ಹಾಕಿಸಿದ ಮನೆ, ಒಂದು ಕಾರು, ಫೋನಿಗೆ ಸಿಗ್ನಲ್ ಬೇಕಾದರೆ ಹತ್ತಲು ಒಂದು ಗುಡ್ಡ. ಆರು ವರ್ಷ ಚಪ್ಪಲಿ ಸವೆಸಿದ ಮೇಲೆ ಕುಮಟಾ ಕಡೆಯ ಕೂಸೊಂದು (ನಮ್ಮಲ್ಲಿ ಹುಡುಗಿಗೆ ಕೂಸು ಅನ್ನುತ್ತೇವೆ) "ಅಡ್ಡಿಲ್ಲೆ" ಅಂದಿತು. ದೊಡ್ಡಮ್ಮ ಅವತ್ತೇ ತೊಡದೇವು ಎಂಬ ಸಿಹಿ ಮಾಡಲು ಮಡಕೆ ಬೋರಲು ಹಾಕಿದಳು.

ಸಂಜೆ ಜೋಯಿಸರ ಫೋನು ಬಂತು. ಗೋತ್ರ ಬೇರೆ, ಗಣ ಸರಿ, ಮೂವತ್ತಾರಕ್ಕೆ ಇಪ್ಪತ್ತೇಳು ಅಂಕ. "ಆದ್ರೆ ಇಬ್ಬರದ್ದೂ ಓ ಪಾಸಿಟಿವ್. ಕೂಡಿ ಬತ್ತಿಲ್ಲೆ."

ಮನೆಯಲ್ಲಿ ಸೂತಕ. ದೊಡ್ಡಪ್ಪ ಬಾಯಲ್ಲಿದ್ದ ಕವಳ ಉಗುಳಿ ಬಂದು ಕೇಳಿದ: "ಕಿಡ್ನಿ ಬದಲ್ಸ್ತ. ರಕ್ತ ಬದಲ್ಸಲೆ ಬತ್ತಿಲ್ಯ?"

ನಮ್ಮ ಕಡೆಯ ಮದುವೆ ಬಯೋಡಾಟಾವನ್ನು ನೀವು ಹತ್ತಿರ ಹಿಡಿದು ನೋಡಬೇಕು. ಮೇಲ್ಗಡೆ ಗಣಪತಿ, ಆಮೇಲೆ ಹೆಸರು, ಗೋತ್ರ, ನಕ್ಷತ್ರ, ರಾಶಿ. (ರಾಶಿ ಅಂದ ಕೂಡಲೇ ಹುಡುಗಿಯ ಅಪ್ಪ ಅವತ್ತಿನ ದರ ಕೇಳುತ್ತಾನೆ. ಶಿರಸಿಯಲ್ಲಿ ರಾಶಿ ಎಂದರೆ ಮೊದಲು ಅಡಿಕೆ, ಮೇಷ ವೃಷಭಗಳೆಲ್ಲ ಆಮೇಲೆ.) ಅದರ ಕೆಳಗೆ ಈಗೀಗ ಸೇರಿಕೊಂಡ ಹೊಸ ಸಾಲು: ರಕ್ತದ ಗುಂಪು. ಘಟ್ಟದ ಮೇಲಿನವರಿಗೆ ಮಾತ್ರ ಹಿಡಿದ ಹುಚ್ಚು ಇದಲ್ಲ. ಕಾರವಾರದಲ್ಲಿ ಇದನ್ನೇ ಕೊಂಕಣಿಯಲ್ಲಿ ಕೇಳುತ್ತಾರೆ, ಅಂಕೋಲೆಯಲ್ಲಿ ಮೀನು ಸಾರು ಬಡಿಸುತ್ತಾ ಕೇಳುತ್ತಾರೆ.

ನಿಯಮ ಏನಪ್ಪಾ ಅಂದರೆ, ಹುಡುಗಿ ನಮ್ಮ ಜಾತಿಯವಳೇ ಆಗಬೇಕು. ಯಾಕೆ? ರಕ್ತ ಒಂದೇ ಇರಬೇಕಲ್ಲ! ಒಳಜಾತಿಯೂ ಅದೇ ಆಗಬೇಕು, ಸಾಧ್ಯವಾದರೆ ಸೀಮೆಯೂ ಅದೇ. ಇಷ್ಟೆಲ್ಲ ಜರಡಿ ಹಿಡಿದು, ಒಂದೇ ರಕ್ತದವಳನ್ನು ಹುಡುಕಿ ತಂದು ಜಗಲಿಯಲ್ಲಿ ಕೂರಿಸಿದ ಮೇಲೆ, ಅಯ್ಯೋ ರಕ್ತ ಒಂದೇ ಆಗಿಬಿಟ್ಟಿತಲ್ಲ ಎಂದು ವಾಪಸು ಕಳಿಸಬೇಕು.

ಜೋಯಿಸರನ್ನು ಕಂಡು ಕೇಳಿದೆ. "ನಾಡಿಕೂಟ ಅಂದ್ರೆ ರಕ್ತದ ಗುಂಪೇಯ. ಹಿರಿಯರು ಆಗ್ಲೇ ಕಂಡ್ಕಂಡಿದ್ದ" ಅಂದರು. ಜಾತಕ ಕೂಡಿಸುವಾಗ ನೋಡುವ ಈ ನಾಡಿಗಳು ಆದ್ಯ, ಮಧ್ಯ, ಅಂತ್ಯ ಎಂದು ಮೂರು; ಗಂಡು ಹೆಣ್ಣಿನದ್ದು ಒಂದೇ ಆಗಬಾರದು. ಗುಂಪುಗಳು ಎ, ಬಿ, ಎಬಿ, ಓ ಎಂದು ನಾಲ್ಕು. ಈ ಗುಂಪುಗಳನ್ನು ಮೊದಲು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ 1901ರಲ್ಲಿ ಪ್ರಕಟಿಸಿದಾಗ ಅವೂ ಮೂರೇ ಇದ್ದವು. ಎಬಿ ಸಿಕ್ಕಿದ್ದು 1902ರಲ್ಲಿ, ಬೇರೆಯವರ ಕೈಗೆ. ಹಾಗಾಗಿ ನಮ್ಮ ಜೋಯಿಸರ ಮಾತು ಸುಮಾರು ಒಂದು ವರ್ಷದ ಮಟ್ಟಿಗೆ ಲೆಕ್ಕಕ್ಕೆ ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನ್ನದೇನೂ ತಕರಾರಿಲ್ಲ. ಈಗ ವಿಜ್ಞಾನಿಗಳು ಈ ಎಬಿಓ ಅಲ್ಲದೆ ಇನ್ನೂ ನಲವತ್ತಕ್ಕೂ ಹೆಚ್ಚು ಬಗೆಯ ರಕ್ತವರ್ಗೀಕರಣ ಮಾಡಿಟ್ಟಿದ್ದಾರೆ. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ನಲವತ್ತು ಕೂಟಕ್ಕೂ ದಕ್ಷಿಣೆ ಬೇರೆ ಬೇರೆ.

ಭಾರತದಲ್ಲಿ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 37 ಮಂದಿ ಓ, 32 ಬಿ, 23 ಎ, 8 ಎಬಿ. ಕಣ್ಣು ಮುಚ್ಚಿ ಗಂಡು ಹೆಣ್ಣಿನ ಗಂಟು ಹಾಕಿದರೂ ನೂರಕ್ಕೆ ಮೂವತ್ತು ಜೋಡಿಯದ್ದು ಒಂದೇ ಗುಂಪು ಬರುತ್ತದೆ. ಅಂದರೆ ನಮ್ಮ ಅಜ್ಜ ಅಜ್ಜಿಯರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಜನ ಕೂಡಿ ಬರದೆಯೇ ಕೂಡಿ ಬಾಳಿ, ಎಂಟೆಂಟು ಹೆತ್ತು, ತೋಟ ಪಾಲು ಮಾಡಿಕೊಟ್ಟು ಹೋಗಿದ್ದಾರೆ. ದೊಡ್ಡಮ್ಮ ಒಳಗಿನಿಂದ ತನ್ನ ಹಳೆಯ ಆಪರೇಷನ್ನಿನ ಫೈಲು ತಂದಿಟ್ಟಳು. ಓ ಪಾಸಿಟಿವ್. ದೊಡ್ಡಪ್ಪನ ಡ್ರೈವಿಂಗ್ ಲೈಸೆನ್ಸಿನಲ್ಲೂ ಓ ಪಾಸಿಟಿವ್. ನಾಲ್ಕು ಮಕ್ಕಳು, ನಾಲ್ಕೂ ಮರ ಹತ್ತಿ ಕೊನೆ ಇಳಿಸುವಷ್ಟು ಗಟ್ಟಿ. ಜೋಯಿಸರು ಫೈಲನ್ನು ತಿರುವಿ ನೋಡಿ ಹೇಳಿದರು: "ಆಗ ಟೆಸ್ಟ್ ಇತ್ತಿಲ್ಲೆ. ಅದಕ್ಕೇ ದೋಷ ತಾಗಿದ್ದಿಲ್ಲೆ."

ಇದಕ್ಕೆ ಉತ್ತರ ಕೊಡಬಲ್ಲವರು ಯಾರಾದರೂ ಇದ್ದರೆ ನಮ್ಮನೆಗೆ ಊಟಕ್ಕೆ ಬನ್ನಿ, ಅಪ್ಪೆಹುಳಿ ಇದೆ.

ಈ 'ನಮ್ಮ ರಕ್ತ' ಎಂಬ ಮಾತನ್ನು ಜಗತ್ತು ಬಹಳ ಹಿಂದೆಯೇ ಪರೀಕ್ಷೆಗೆ ಹಾಕಿ ಆಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಹತ್ತಾರು ದೇಶಗಳ ಸೈನಿಕರು ಬೀಡುಬಿಟ್ಟಿದ್ದರು. ಅಲ್ಲಿ ಲುಡ್ವಿಕ್ ಮತ್ತು ಹಾನ್ನಾ ಹಿರ್ಜ್‌ಫೆಲ್ಡ್ ಎಂಬ ವೈದ್ಯ ದಂಪತಿ ಸಾವಿರಾರು ಜನರ ಬೆರಳು ಚುಚ್ಚಿ 1919ರಲ್ಲಿ ಲೆಕ್ಕ ಒಪ್ಪಿಸಿದರು. ಪಶ್ಚಿಮ ಯುರೋಪಿನವರಲ್ಲಿ ಎ ಜಾಸ್ತಿ, ಭಾರತದ ಸಿಪಾಯಿಗಳಲ್ಲಿ ಬಿ ಜಾಸ್ತಿ. ಆದರೆ ಅವರು ಪರೀಕ್ಷಿಸಿದ ಯಾವ ಜನಾಂಗವನ್ನು ಹಿಡಿದು ನೋಡಿದರೂ ನಾಲ್ಕೂ ಗುಂಪು ಇದ್ದವು. ಎಲ್ಲರ ಅಡುಗೆಮನೆಯಲ್ಲೂ ಅವೇ ನಾಲ್ಕು ಡಬ್ಬಿ, ಹಾಕುವ ಅಳತೆ ಮಾತ್ರ ಬೇರೆ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ರಕ್ತದ ಗುಂಪು, ಪ್ರೊಟೀನುಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿದಾಗ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಜನಸಮೂಹದ ಒಳಗೇ ಸಿಕ್ಕಿತು. ಅಂದರೆ ನಮ್ಮ ಕೇರಿಯಲ್ಲಿ, ಒಂದೇ ಪಂಕ್ತಿಯಲ್ಲಿ, ಎಲೆಗೆ ಎಲೆ ತಾಗಿಸಿಕೊಂಡು ಕೂತವರ ನಡುವೆ.

ಓ ಎಂಬುದಂತೂ ಅಕ್ಷರಶಃ ಮುದ್ರಣದೋಷ. ಒಂಬತ್ತನೇ ವರ್ಣತಂತುವಿನಲ್ಲಿ ಎ ಗುಂಪನ್ನು ಕಟ್ಟುವ ಬರಹವಿದೆ. ಬಹುಪಾಲು ಓ ಜನರಲ್ಲಿ ಆ ಬರಹದ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ, ಅಷ್ಟೇ. ಲಗ್ನಪತ್ರಿಕೆಯಲ್ಲಿ 'ಆಶೀರ್ವದಿಸಿ' ಎಂಬಲ್ಲಿ ಒಂದಕ್ಷರ ಹಾರಿದರೆ ಮುಂದಿನದೆಲ್ಲ ಹಾಳಾಗುತ್ತದಲ್ಲ, ಹಾಗೆ. ನಮ್ಮ ಇಡೀ ಮನೆತನ ನಾಲ್ಕು ತಲೆಮಾರಿನಿಂದ ಪ್ರೂಫ್ ನೋಡದ ಪತ್ರಿಕೆ ಎಂದು ತಿಳಿದ ದಿನ ದೊಡ್ಡಪ್ಪ ಒಂದು ಹೊತ್ತು ಮಾತಾಡಲಿಲ್ಲ.

ಆ ಬಾಲದ 'ಪಾಸಿಟಿವ್' ಇದೆಯಲ್ಲ, ಅದರದ್ದು ಇನ್ನೊಂದು ಕಥೆ. ರಕ್ತದಲ್ಲಿ ಆರ್‌ಎಚ್ ಎಂಬ ಅಂಶ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಆರ್‌ಎಚ್ ಎಂದರೆ ರೀಸಸ್. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಜಾತಿಯ ಮಂಗನ ರಕ್ತದಿಂದ ಶುರುಮಾಡಿದ ಪರೀಕ್ಷೆಯಿಂದ ಬಂದ ಹೆಸರು. ಬಾಳೆಗೊನೆಗೆ ಕೈಹಾಕಿದ ಮಂಗನನ್ನು ಗರ್ನಾಲು ಹೊಡೆದು ಓಡಿಸುವ ನಾವು, ಗೋತ್ರದ ಋಷಿಯ ಹೆಸರಿನ ಮೂರೇ ಸಾಲು ಕೆಳಗೆ ಅದರ ದಾಯಾದಿ ಮಂಗನ ಹೆಸರು ಬರೆದು ನೆಂಟರಿಗೆಲ್ಲ ಹಂಚುತ್ತಿದ್ದೇವೆ.

ಕುಮಟಾದ ಕೂಸು ಅಷ್ಟರಲ್ಲಿ ಬೆಂಗಳೂರಿನವನಿಗೆ ಹೂಂ ಅಂದಾಗಿತ್ತು. ಮರುವರ್ಷ ಹೊನ್ನಾವರ ಕಡೆಯಿಂದ ಇನ್ನೊಂದು ಜಾತಕ ಬಂತು. ಬಿ ನೆಗೆಟಿವ್. ಜೋಯಿಸರ ಮುಖ ಅರಳಿತು. "ಅವಂದು ಓ, ಇದರದ್ದು ಬಿ. ಮೇಲಿಂದ ಒಂದು ಪಾಸಿಟಿವ್, ಒಂದು ನೆಗೆಟಿವ್. ಕರೆಂಟ್ ಹರಿತು ನೋಡು!"

ಜಗತ್ತಿನಲ್ಲಿ ಗಂಡ ಹೆಂಡಿರ ರಕ್ತದ ಗುಂಪು ನೋಡಿ ವೈದ್ಯರು ಎಚ್ಚರವಾಗುವ ಜೋಡಿಯೊಂದಿದ್ದರೆ ಅದು ಇದೇ. ತಾಯಿ ನೆಗೆಟಿವ್, ತಂದೆ ಪಾಸಿಟಿವ್. ಮಗು ಪಾಸಿಟಿವ್ ಆದರೆ ಹೆರಿಗೆಯ ಹೊತ್ತಿಗೆ ಅದರ ರಕ್ತ ತಾಯಿಯ ಒಡಲಿಗೆ ಸೇರಿ, ತಾಯಿಯ ದೇಹ ಅದರ ವಿರುದ್ಧ ಕತ್ತಿ ಮಸೆಯುತ್ತದೆ. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ, ಪೆಟ್ಟು ಬೀಳುವುದು ಎರಡನೆಯದಕ್ಕೆ. ಹಾಗಂತ ಮದುವೆ ಬಿಡಬೇಕಾಗಿಲ್ಲ. ಬಸುರಿಗೆ 28 ವಾರವಾದಾಗ ಆ ಕತ್ತಿ ಮಸೆಯದಂತೆ ತಡೆಯುವ ಒಂದು ಆಂಟಿ-ಡಿ ಚುಚ್ಚುಮದ್ದು, ಮಗು ಪಾಸಿಟಿವ್ ಎಂದಾದರೆ ಹೆತ್ತ 72 ಗಂಟೆಯೊಳಗೆ ಇನ್ನೊಂದು, ಮುಗಿಯಿತು. ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಐದಾರು ಮಂದಿ. ಹೀಗಾಗಿ ಬೇಡದ ಜಾಗದಲ್ಲಿ ಹೆದರಲು ನಮಗೆ ಬೇಕಾದಷ್ಟು ಪುರಸೊತ್ತು. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದರೆ ಮಗುವನ್ನು ಕಾಡಬಲ್ಲ ರಕ್ತದ ಕಾಯಿಲೆ ತಲಸ್ಸೇಮಿಯಾದ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದ ಒಬ್ಬನೇ ಒಬ್ಬ ಬೀಗನನ್ನು ನಾನು ಇದುವರೆಗೆ ಕಂಡಿಲ್ಲ. ಒಂದೇ ರಕ್ತ, ಒಂದೇ ರಕ್ತ ಎಂದು ಸಂಬಂಧದೊಳಗೇ ಸುತ್ತುವವರು ಮೊದಲು ಕೇಳಬೇಕಾದದ್ದು ಅದನ್ನು.

ಮದುವೆ ಆಯಿತು. ಹೆರಿಗೆ ಮಳೆಗಾಲದಲ್ಲಾಯಿತು. ಮಗು ಪಾಸಿಟಿವ್. ಮದ್ದು ಊರಿನ ಅಂಗಡಿಗಳಲ್ಲಿ ಖಾಲಿ. ಕೊನೆಗೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಟಿಕೆಟ್ ಮಷೀನಿನ ಪಕ್ಕ ಐಸಿನ ಡಬ್ಬಿ ಇಟ್ಟುಕೊಂಡು, ಸೀಟು ಬಿಟ್ಟುಕೊಟ್ಟ ಪುಣ್ಯಾತ್ಮರ ನಡುವೆ ಅದನ್ನು ತಂದ. ಅವನ ಜಾತಿ ಕೇಳಲು ದೊಡ್ಡಪ್ಪನಿಗೆ ಅವತ್ತು ಮರೆತೇಹೋಯಿತು. "ನೆಗೆಟಿವ್ ಅಂತ ಮದುವೆಗೆ ಮೊದಲೇ ಗೊತ್ತಿತ್ತಾ?" ಎಂದು ನರ್ಸಮ್ಮ ಕೇಳಿದ್ದಕ್ಕೆ ದೊಡ್ಡಮ್ಮ ಅಂದಳಂತೆ: "ಗೊತ್ತಿತ್ತು ತಾಯಿ. ಅದಕ್ಕೇ ಕೂಡಿ ಬಂದದ್ದು."

ಹೆಸರಿಡುವ ದಿನ ಜೋಯಿಸರು ಬಂದರು. ಚುಚ್ಚುಮದ್ದಿನ ಕಥೆಯೆಲ್ಲ ಕೇಳಿ, "ಶಾಂತಿ ಒಂದು ಆದಾಂಗೆ ಆತು" ಅಂದು ತಲೆಯಾಡಿಸಿದರು. ಆಮೇಲೆ ಕನ್ನಡಕ ಏರಿಸಿ, ಹತ್ತು ದಿನದ ಹೆಣ್ಣುಮಗುವಿನ ಜಾತಕದ ಮೂಲೆಯಲ್ಲಿ, ನಕ್ಷತ್ರದ ಪಕ್ಕ, ಕೆಂಪು ಶಾಯಿಯಲ್ಲಿ ಬರೆದಿಟ್ಟರು: ಓ ಪಾಸಿಟಿವ್, ಓ ಮಾಣಿ ಆಗದು.