ಐದು ದಿನಕ್ಕೆ ಐದು ವರ್ಷ

ಪೊಲಿಟಿಕಲ್ ಸೈನ್ಸ್, ಇಂಟರ್‌ನ್ಯಾಷನಲ್ ಸ್ಟಡೀಸ್‌ನಲ್ಲಿ ಪಿಎಚ್‌ಡಿ ಮಾಡ್ಬೇಕು ಅಂತ ಈ ತಿಂಗಳು ಮೂವರು ಇನ್‌ಬಾಕ್ಸ್‌ಗೆ ಬಂದರು. ವಿಷಯ ಏನು ಅಂತ ಕೇಳಿದೆ. ಒಬ್ಬರದು ಭಾರತ-ಚೀನಾ ಸಂಬಂಧ. ಇನ್ನೊಬ್ಬರದು ಭಾರತದ ವಿದೇಶಾಂಗ ನೀತಿ. ಮೂರನೆಯವನದು ಭಯೋತ್ಪಾದನೆ. ಅಷ್ಟೇ, ಬರೀ ಭಯೋತ್ಪಾದನೆ.

ನಗೋಕೆ ನನಗೆ ಮುಖವಿಲ್ಲ ಬಿಡಿ. ನಾನು ಗೈಡ್ ಮುಂದೆ ಇಟ್ಟ ಮೊದಲ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) 'ಭಾರತ ಮತ್ತು ವಿಶ್ವಸಂಸ್ಥೆ' ಅಂತಿತ್ತು. ಮೇಡಂ ಹಾಳೆ ತಿರುವಿ ಹಾಕಿ, "ಇದರಲ್ಲಿ ನಿನಗೆ ಅರ್ಥ ಆಗದೇ ಇರೋದು ಯಾವುದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ, 1950ರ ಜೂನ್‌ನ ಘಟನೆಗಳಲ್ಲಿ. ಕೊರಿಯಾ ಯುದ್ಧ ಶುರುವಾದ ದಿನ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಸಂವಿಧಾನದ ಮೊದಲ ಕರಡು ಬರೆದುಕೊಟ್ಟ ಅದೇ ಬಿ.ಎನ್. ರಾವ್. ಜೂನ್ 25ರಂದು, ಉತ್ತರ ಕೊರಿಯಾ ಸೈನ್ಯ ವಾಪಸ್ ಹೋಗಲಿ ಅನ್ನುವ ನಿರ್ಣಯಕ್ಕೆ ಭಾರತ ಕೈ ಎತ್ತಿತು. 27ಕ್ಕೆ, ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಅನ್ನುವ ನಿರ್ಣಯ ಬಂತು. ದೆಹಲಿಯಿಂದ ಸೂಚನೆಯೇ ಬಂದಿಲ್ಲ. ಸಭೆ ನಡೆಸುತ್ತಿದ್ದ ರಾವ್ ಮತವನ್ನೇ ಹಾಕಲಿಲ್ಲ. 29ಕ್ಕೆ ದೆಹಲಿ ಒಪ್ಪಿತು. ನಡುವೆ ಏನಾಯ್ತು? ನನ್ನ ಥೀಸಿಸ್ ಹುಟ್ಟಿದ್ದೇ ಅಲ್ಲಿ. (ಮೂರು ವರ್ಷ ಆದ್ಮೇಲೆ ಅದೇ ಕೊರಿಯಾದಲ್ಲಿ, ಊರಿಗೆ ವಾಪಸ್ ಹೋಗಲ್ಲ ಅಂದ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ತಿಮ್ಮಯ್ಯ. ಅದು ಇನ್ನೊಬ್ಬರ ಥೀಸಿಸ್. ಯಾರಾದರೂ ಮಾಡಿ, ಪ್ಲೀಸ್.)

ದೊಡ್ಡ ವಿಷಯ ಹಿಡಿದವರು ಪುಸ್ತಕ ಓದಿ ಪುಸ್ತಕ ಬರೀತಾರೆ. ಸಣ್ಣದು ಹಿಡಿದರೆ ಕಡತದ ಮುಂದೆ ಕೂರಲೇಬೇಕು. ಪತ್ರಾಗಾರದಲ್ಲಿ (ಹಳೇ ಸರ್ಕಾರಿ ದಾಖಲೆ ಇಡೋ ಜಾಗ) ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ಬೆಳಗ್ಗೆ ಕಡತ ಕೇಳಿ ಎಂಟು ಚೀಟಿ ಬರೆದು ಕೊಟ್ಟರೆ ಮಧ್ಯಾಹ್ನ ಐದು ಚೀಟಿ 'ಎನ್‌ಟಿ' ಅಂತ ಗೀಚಿಸಿಕೊಂಡು ವಾಪಸ್ ಬರುತ್ತವೆ. ನಾಟ್ ಟ್ರಾನ್ಸ್‌ಫರ್ಡ್. ಇಲಾಖೆ ಕಡತವನ್ನು ಕಳಿಸಿಯೇ ಇಲ್ಲ ಅಂತ. ಇಪ್ಪತ್ತೈದು ವರ್ಷ ದಾಟಿದ ಶಾಶ್ವತ ದಾಖಲೆ ಪತ್ರಾಗಾರಕ್ಕೆ ಹೋಗಬೇಕು ಅಂತ ನಿಯಮ ಇದೆ, ಅಲ್ವಾ? ಇದೆ. ಆದರೂ ಒಂದು ದಿನ ಹಳದಿ ಹಾಳೆಯ ಅಂಚಲ್ಲಿ ಯಾರೋ ಅಧಿಕಾರಿ ಗೀಚಿದ ಎರಡು ಸಾಲು ಸಿಗುತ್ತೆ ನೋಡಿ, ಅವತ್ತು ಊಟ ಬೇಡ.

ದುಡ್ಡಿನ ಮಾತೂ ಆಗಲಿ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್, ಸಂಶೋಧನೆ ಮಾಡೋರಿಗೆ ಸರ್ಕಾರ ಕೊಡೋ ಹಣ) ಇದ್ದರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಅದು ಒಟ್ಟು ಐದು ವರ್ಷ. ಪಿಎಚ್‌ಡಿಗೆ ಆರು ವರ್ಷ ಅವಕಾಶ ಇದೆ. ಆರನೇ ವರ್ಷ ಮನೆಯವರನ್ನೇ ಕೇಳಬೇಕು. ನಮ್ಮ ಚಿಕ್ಕಮ್ಮ ಪ್ರತಿ ದೀಪಾವಳಿಗೂ "ಇನ್ನೆಷ್ಟು ಪುಟ ಬಾಕಿ ಮಗಾ?" ಅಂತಿದ್ದರು.

ಮೂವರಿಗೂ ಮೇಡಂ ಕೇಳಿದ ಪ್ರಶ್ನೆಯನ್ನೇ ಕಳಿಸಿದೆ. ಇಬ್ಬರು ನೋಡಿ ಸುಮ್ಮನಾದರು. ಭಯೋತ್ಪಾದನೆ ಹುಡುಗ ಮಾತ್ರ ನಿನ್ನೆ ರಾತ್ರಿ ಹನ್ನೊಂದೂವರೆಗೆ ಬರೆದಿದ್ದ: "ಸರ್, ಇದರ ವಿರುದ್ಧ ಒಪ್ಪಂದ ಆಗಲಿ ಅಂತ ಭಾರತವೇ 1996ರಲ್ಲಿ ವಿಶ್ವಸಂಸ್ಥೆಯಲ್ಲಿ ಕರಡು ಇಟ್ಟಿತ್ತಂತೆ. ಇನ್ನೂ ಯಾಕೆ ಪಾಸ್ ಆಗಿಲ್ಲ?"

ಭಾನುವಾರ ಮನೆಗೆ ಬಾ ಅಂದಿದ್ದೇನೆ.